ಬಸಮ್ಮನವರ ಒಲೆಯ ಗುಲಾಬಿ ಹೂವು

ಇವತ್ತು ಬೆಳಿಗ್ಗೆ ಮಗುವಿನ ಉಲ್ಲನ್ ಟೋಪಿಗಾಗಿ ಟ್ರಂಕನ್ನು ತಡಕಾಡುತ್ತಿದ್ದಾಗ ತಳದಲ್ಲಿ ಒಂದು ಕ್ರೋಷಾ ಬಟ್ಟೆ ಸಿಕ್ಕಿತು. ಬಿಳಿ ನೂಲಿನದು, ಅಂಚಿಗೆಲ್ಲ ದ್ರಾಕ್ಷಿ ಬಳ್ಳಿ, ನಡುವೆ ಅಂಗೈಯಗಲ ಎಣ್ಣೆ ಕಲೆ. ನೋಡಿದರೆ ಯಾರೋ ಪಾಪದ ಹೆಂಗಸು ಕೂತು ಹೆಣೆದದ್ದು ಅನ್ನಿಸುತ್ತದೆ. ಈ ಬಟ್ಟೆ ಒಂದು ಕ್ರಿಸ್ಮಸ್ ದಿನ ಮಧುಗಿರಿಯ ನಮ್ಮ ಬೀದಿಯಲ್ಲಿ ಮೂರು ಮನೆಗಳ ನೆಮ್ಮದಿ ಕೆಡಿಸಿತ್ತು ಎಂದರೆ ನೀವು ನಂಬಲಿಕ್ಕಿಲ್ಲ. ಆ ಹೆಂಗಸು ನಾನೇ.

ಮದುವೆಯಾಗಿ ಬಂದು ಆಗ ಏಳು ತಿಂಗಳು. ನಾನು ಬೆಳೆದದ್ದು ತುಮಕೂರಿನ ಒಂದು ಮಿಷನ್ ಬೋರ್ಡಿಂಗಿನಲ್ಲಿ. ಅಲ್ಲಿ ಅಡುಗೆಗೆ ಬೇರೆಯವರಿದ್ದರು. ನಮ್ಮ ಪಾಲಿಗಿದ್ದದ್ದು ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವ ಕೆಲಸ. ಅದರಲ್ಲಿ ನಾನು ಎಂದೂ ಹಿಂದೆ ಬಿದ್ದವಳಲ್ಲ. ಅದು ಬಿಟ್ಟರೆ ನನಗೆ ಗೊತ್ತಿದ್ದ ವಿದ್ಯೆ ಕ್ರೋಷಾ ಒಂದೇ. ಗಂಡನ ಮನೆಯಲ್ಲಿ ನಾನು ಕಟ್ಟಿದ ಮೊದಲ ಮುದ್ದೆಯನ್ನು ನೋಡಿ ನಮ್ಮ ಯಜಮಾನರು, ಇಂಥದ್ದು ನಾಲ್ಕು ಇದ್ದಿದ್ದರೆ ನಮ್ಮ ಊರಿನ ಕೋಟೆಯನ್ನು ಯಾವ ಶತ್ರುವೂ ಹತ್ತುತ್ತಿರಲಿಲ್ಲ ಎಂದರು. ಅತ್ತೆ ಎಸ್ತರಮ್ಮ ನಗಲಿಲ್ಲ. ಮುದ್ದೆಯನ್ನು ಎತ್ತಿಕೊಂಡು ಹೋಗಿ, ಬಿಸಿನೀರು ಹಾಕಿ ತೊಳಸಿ, ತಿನ್ನುವ ಹಾಗೆ ಮಾಡಿ ತಂದಿಟ್ಟರು.

ಅತ್ತೆಯ ಕ್ರಿಸ್ಮಸ್ ಎಂದರೆ ಗುಲಾಬಿ ಹೂವು. ಉದ್ದ ಹಿಡಿಯ ತುದಿಯಲ್ಲಿ ಹೂವಿನ ಆಕಾರದ ಕಬ್ಬಿಣದ ಅಚ್ಚು. ಅದನ್ನು ಕಾದ ಎಣ್ಣೆಯಲ್ಲಿಟ್ಟು ಬಿಸಿ ಮಾಡಿ, ಮೊಟ್ಟೆ, ಅಕ್ಕಿಹಿಟ್ಟು, ಸಕ್ಕರೆ ಕಲಸಿದ ಹಿಟ್ಟಿನಲ್ಲಿ ಅದ್ದಿ, ಮತ್ತೆ ಎಣ್ಣೆಗಿಟ್ಟು ಮೆಲ್ಲಗೆ ಅಲ್ಲಾಡಿಸಿದರೆ ಗರಿಗರಿ ಹೂವು ಕಳಚಿಕೊಂಡು ತೇಲುತ್ತದೆ. ಗುಟ್ಟು ಇಷ್ಟೆ: ಅಚ್ಚು ಮುಕ್ಕಾಲು ಮಾತ್ರ ಮುಳುಗಬೇಕು. ನಾನು ಉತ್ಸಾಹದಲ್ಲಿ ಪೂರ್ತಿ ಮುಳುಗಿಸಿದೆ. ಹಿಟ್ಟು ಅಚ್ಚಿನ ತಲೆಯ ಮೇಲೂ ಹತ್ತಿ ಕೂತಿತು. ಹೂವು ಬಿಡಲಿಲ್ಲ, ಮೊಳೆಯಿಂದ ಕೆರೆದು ಅದನ್ನು ಬಿಡಿಸುವಷ್ಟರಲ್ಲಿ ಅತ್ತೆ ಎರಡು ಕೀರ್ತನೆ ಹಾಡಿ ಮುಗಿಸಿದ್ದರು.

ಹಬ್ಬದ ದಿನ ಆರಾಧನೆ ಮುಗಿಸಿ ಬಂದ ಮೇಲೆ ನೆರೆಮನೆಗಳಿಗೆ ತಟ್ಟೆ ಹೋಗಬೇಕು. ದರ್ಜಿಯ ಹೆಂಡತಿ ಫಾತಿಮಾಬಿಯ ಮನೆಗೆ ಗುಲಾಬಿ ಹೂವು. ಪಕ್ಕದ ಮನೆಯ ಬಸಮ್ಮನವರಿಗೆ ತೆಂಗಿನಕಾಯಿ, ಬಾಳೆಹಣ್ಣು, ಬೆಲ್ಲ. ಬಸಮ್ಮನವರದು ಲಿಂಗ ಕಟ್ಟಿದ ಮನೆ. ನಮ್ಮ ಒಲೆಯ ಮೇಲೆ ಬೆಂದದ್ದನ್ನು ಮುಟ್ಟುವುದಿಲ್ಲ. ಅವರ ಮನೆಯ ಕಜ್ಜಾಯ, ಹೋಳಿಗೆ ನಮ್ಮಲ್ಲಿಗೆ ಬರುತ್ತಿತ್ತು, ನಾವು ತಿನ್ನುತ್ತಿದ್ದೆವು. ಮೂವತ್ತು ವರ್ಷ ಇದೇ ಕ್ರಮ. ಅದನ್ನು ಯಾರೂ ಬಾಯಿಬಿಟ್ಟು ಆಡಿದ್ದೇ ಇಲ್ಲ. ಆಡದೆ ಇದ್ದದ್ದರಿಂದಲೇ ಅತ್ತೆಗೂ ಬಸಮ್ಮನವರಿಗೂ ಅಷ್ಟು ಸ್ನೇಹ ಎಂದು ನನಗೆ ಈಗ ಅನ್ನಿಸುತ್ತದೆ. ನಮ್ಮ ಯಜಮಾನರು ಹುಟ್ಟಿದಾಗ ಬಾಣಂತಿ ಕೋಣೆಯ ಹೊರಗೆ ಕೂತು ಕಾದವರು ಬಸಮ್ಮನವರು.

ಅತ್ತೆ ಕಾಯಿ ಹಣ್ಣಿನ ತಟ್ಟೆಗೆ ಬಾಳೆಯೆಲೆ ಮುಚ್ಚುತ್ತಿದ್ದರು, ಹೂವಿನ ತಟ್ಟೆಗೆ ಹಳೇ ಪಂಚೆಯ ತುಂಡು. ನನಗೆ ಅದು ಚೆನ್ನಾಗಿ ಕಾಣಲಿಲ್ಲ. ಅಡುಗೆಯಲ್ಲಿ ಕಳಕೊಂಡ ಮರ್ಯಾದೆಯನ್ನು ನೂಲಿನಲ್ಲಿ ಗಳಿಸೋಣ ಎಂದು ಒಂದೇ ಥರದ ಬಟ್ಟೆಗಳನ್ನು ಹೆಣೆದು, ಎರಡು ತಟ್ಟೆಯನ್ನೂ ಮುಚ್ಚಿ, ನಾನೇ ಹೋಗಿ ಕೊಟ್ಟು ಬಂದೆ. ಬರುವಾಗ ಹಾಡಿಕೊಂಡೇ ಬಂದೆ.

ಹನ್ನೆರಡರ ಹೊತ್ತಿಗೆ ಫಾತಿಮಾಬಿ ಬಾಗಿಲಿಗೆ ಬಂದರು. ಅವರ ಮುಖ ಸಣ್ಣಗಾಗಿತ್ತು. ಈ ಸಲ ನಮಗ್ಯಾಕೆ ಬರೀ ಕಾಯಿ ಕಳಿಸಿದಿರಿ, ಮಕ್ಕಳು ಹೂವು ಎಲ್ಲಿ ಎಂದು ಅಳುತ್ತಿದ್ದಾವೆ, ನಮ್ಮಿಂದ ಏನಾದರೂ ತಪ್ಪಾಯಿತಾ ಎಂದು ಕೇಳಿದರು. ಅತ್ತೆ ನನ್ನ ಕಡೆ ತಿರುಗಿದರು. ನಾನು ಗೋಡೆಯ ಕಡೆ ತಿರುಗಿದೆ. ಮೊಟ್ಟೆ ಹಾಕಿದ ತಿಂಡಿ ಬಸಮ್ಮನವರ ಮನೆಯೊಳಗೆ, ಬಹುಶಃ ದೇವರ ಮುಂದೆ, ಎರಡು ಗಂಟೆ ಹೊತ್ತಿನಿಂದ ಕೂತಿರಬೇಕು.

ಅತ್ತೆ ಒಂದು ಬೋಗುಣಿ ತುಂಬ ಹೂವು ಫಾತಿಮಾಬಿಯ ಕೈಗೆ ಕೊಟ್ಟು, ಸೆರಗು ಸರಿಮಾಡಿಕೊಂಡು, ನನ್ನನ್ನು ಕರೆದುಕೊಂಡು ಪಕ್ಕದ ಮನೆಗೆ ನಡೆದರು. ಹತ್ತು ಹೆಜ್ಜೆ ದೂರ. ನನಗೆ ಪಾವಗಡದವರೆಗೆ ನಡೆದ ಹಾಗಾಯಿತು. ತಟ್ಟೆ ಜಗಲಿಯ ಮೇಲಿತ್ತು. ಬಸಮ್ಮನವರು ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು.

“ಬಸಮ್ಮ, ತಪ್ಪಾಗ್ಬುಟ್ಟೈತೆ,” ಎಂದರು ಅತ್ತೆ. “ಒಳೀಕೆ ತಗೊಂಡೋಗಿದ್ರಾ?”

“ಹೊಸಿಲತ್ರ ಬಟ್ಟೆ ತಗ್ದೆ. ವಾಸ್ನೆ ಬಂತು, ಅಲ್ಲೇ ಇಟ್ಟೆ.” ಬಸಮ್ಮನವರು ಕಾಯಿಯಿಂದ ಕಣ್ಣೆತ್ತಲಿಲ್ಲ. “ಮೂವತ್ತೊರ್ಸದಲ್ಲಿ ನೀನು ಇಂಗೆ ಮಾಡ್ದೋಳಲ್ಲ. ಒಂದೋ ನಿಂಗೆ ಅರಳುಮರಳು, ಇಲ್ಲ ಸೊಸೆ ಬಂದವ್ಳೆ ಅನ್ಕೊಂಡೆ.”

ನಾನು ನಗಬೇಕೋ ಬೇಡವೋ ತಿಳಿಯದೆ ಬೆಕ್ಕಿನ ಥರ ಒಂದು ಸದ್ದು ಮಾಡಿದೆ. ಅತ್ತೆ ತಟ್ಟೆ ಎತ್ತಿಕೊಂಡು ತಿರುಗಿದರು.

“ಇರು,” ಎಂದರು ಬಸಮ್ಮನವರು. “ಒರ್ಸೊರ್ಸಾನೂ ಗ್ವಾಡೆ ದಾಟ್ಕಂಡು ವಾಸ್ನೆ ಬತ್ತದೆ. ಹೆಂಗಿರ್ತದೋ ಅಂತ ನಾನೂ ಕೇಳ್ನಿಲ್ಲ, ತಿಂತೀಯಾ ಅಂತ ನೀನೂ ಕೇಳ್ನಿಲ್ಲ. ಕೇಳಿದ್ರೆ ಇಬ್ರಿಗೂ ಕಷ್ಟ. ಆ ಅಚ್ಚು ಕೊಡು. ಕಬ್ಬಿಣ ತಾನೆ, ಕೆಂಡದಾಗೆ ಹಾಕ್ತೀನಿ. ಮೊಟ್ಟೆ ಇಲ್ದೆ ಆಗ್ತದಾ?”

ತೆಂಗಿನ ಹಾಲು ಹಾಕಿ ನೋಡಬಹುದು ಎಂದರು ಅತ್ತೆ.

ಮಾರನೆಯ ದಿನ ಬಸಮ್ಮನವರು ಅಚ್ಚನ್ನು ಕೆಂಡದಲ್ಲಿ ಕೆಂಪಗೆ ಕಾಯಿಸಿದರು. ಶುದ್ಧವೇನೋ ಆಯಿತು, ಆದರೆ ವರ್ಷಗಟ್ಟಲೆ ಹೀರಿದ್ದ ಎಣ್ಣೆಯೂ ಸುಟ್ಟುಹೋಯಿತು. ಹಿಟ್ಟು ಅಚ್ಚಿಗೆ ಗೋಂದಿನ ಹಾಗೆ ಅಂಟಿತು. ಅವರ ಅಡುಗೆಮನೆಯೊಳಗೆ ನಾವು ಕಾಲಿಡುವ ಹಾಗಿರಲಿಲ್ಲ, ಅತ್ತೆಯೂ ನಾನೂ ಹಿತ್ತಲಿನಲ್ಲಿ ಕೂತು, ಅಡುಗೆಮನೆಯ ತೆರೆದ ಬಾಗಿಲಿಗೆ ಎದುರಾಗಿ ಹೇಳಿಕೊಡುತ್ತಿದ್ದೆವು. ಎಣ್ಣೆಯಲ್ಲಿ ಇನ್ನೂ ಬಿಡಿ, ಮತ್ತೆ ಒರೆಸಿ, ಮುಕ್ಕಾಲು ಮಾತ್ರ ಮುಳುಗಿಸಿ ಎಂದು ಕೂಗುತ್ತಿದ್ದವಳು ನಾನು. ಹಿಟ್ಟು ಅಂಟಿಸಿಕೊಳ್ಳುವುದರಲ್ಲಿ ಇಡೀ ತಾಲ್ಲೂಕಿನಲ್ಲಿ ನನ್ನಷ್ಟು ಅನುಭವ ಯಾರಿಗಿತ್ತು? ಎಂಟನೆಯದು ಬಿಟ್ಟುಕೊಂಡಿತು. ಬಸಮ್ಮನವರು ನಿಂತಲ್ಲೇ ಒಂದು ದಳ ಮುರಿದು ಬಾಯಿಗೆ ಹಾಕಿಕೊಂಡರು. ಇನ್ನೊಂದು ದಳ ಮುರಿದರು. ಆಮೇಲೆ ಒಂದು ತಟ್ಟೆ ತುಂಬಿ ನಮಗೆ ತಂದು ಕೊಟ್ಟರು.

ಆವತ್ತಿನಿಂದ ನಮ್ಮ ಕ್ರಿಸ್ಮಸ್ಸಿನ ಗುಲಾಬಿ ಹೂವು ಬಸಮ್ಮನವರ ಒಲೆಯ ಮೇಲೆ ಆಗುತ್ತದೆ. ಅವರ ಹಿಟ್ಟು, ಅವರ ಎಣ್ಣೆ, ನಮ್ಮ ಕೂಗು. ಫಾತಿಮಾಬಿಯ ಮನೆಗೂ ಅಲ್ಲಿಂದಲೇ ಹೋಗುತ್ತದೆ. ನಮ್ಮ ಮಗಳು ಹುಟ್ಟಿದಾಗಿನಿಂದ ಮೊಟ್ಟೆ ಹಾಕಿದ ಹೂವನ್ನು ಕಂಡೇ ಇಲ್ಲ. ಹಾಗೆಂದು ನಮ್ಮ ಒಲೆಯಲ್ಲಿ ಬೆಂದದ್ದು ಅವರಿಗೆ ನಡೆಯುತ್ತದೆ ಎಂದು ತಿಳಿಯಬೇಡಿ. ಅದು ಇದ್ದ ಹಾಗೇ ಇದೆ. ಕಾಯಿ, ಹಣ್ಣು, ಬೆಲ್ಲ ಈಗಲೂ ಹೋಗುತ್ತದೆ.

ಟ್ರಂಕು ಮುಚ್ಚುತ್ತಿದ್ದಾಗ ಗೋಡೆಯಾಚೆಯಿಂದ ಬಸಮ್ಮನವರು ಕೂಗಿದರು. ಈ ಸಲದ ಗುಲಾಬಿ ಹೂವಿಗೆ ಹಿಟ್ಟು ಕಲಸಿಟ್ಟಿದ್ದಾರಂತೆ. ಬಂದೆ, ಹಿತ್ತಲಿಗೆ ಮಣೆ ತರುತ್ತೇನೆ ಎಂದೆ.

“ಮಣೆ ಬ್ಯಾಡ. ನಂಗೆ ಕಣ್ಣು ಮಂಜಾಗೈತೆ ಕಣಮ್ಮ, ಎಷ್ಟು ಮುಳುಗ್ತು ಅಂತ ಕಾಣಾಕಿಲ್ಲ. ಒಳೀಕೆ ಬಂದು ಅಚ್ಚು ನೀನೇ ಹಿಡ್ಕೊ.”

ನಾನು ಅತ್ತೆಯ ಕಡೆ ನೋಡಿದೆ. ಅವರು ರಾಗಿ ಕೇರುತ್ತಿದ್ದ ಮೊರವನ್ನು ಹಾಗೇ ಹಿಡಿದುಕೊಂಡು ಕೂತಿದ್ದರು.

“ಮಡಿ ಆಗ್ಬೇಕು, ತಲೆ ಮೇಲೆ ನೀರು ಉಯ್ಕಂಡ್ ಬಾ,” ಎಂದು ಮತ್ತೆ ಕೂಗು ಬಂತು.

ಸ್ನಾನದ ಹಂಡೆಗೆ ಬೆಂಕಿ ಹಾಕಿ ಬಂದು ಇದನ್ನು ಬರೆಯುತ್ತಿದ್ದೇನೆ. ನೀರು ಇನ್ನೇನು ಕಾದುಬಿಡುತ್ತದೆ.