ಸುವರ್ಣಾಳ ಪ್ಯಾಸಿವ್ ವಾಯ್ಸ್

ಹಾವೇರಿಯ ಬಸ್ಸು ಮೋಟೆಬೆನ್ನೂರಿನ ಹತ್ತಿರ ಪಂಕ್ಚರ್ ಆಗಬಹುದಿತ್ತು. ಹಾಲ್ ಟಿಕೆಟ್ಟು ಕುಂಕುಮ ಹಚ್ಚಿಸಿಕೊಂಡು ದೇವರ ಮುಂದೆಯೇ ಉಳಿದುಬಿಡಬಹುದಿತ್ತು. ಪೆನ್ನು ಕೈಕೊಡಬಹುದಿತ್ತು, ಅದಕ್ಕೆಂದೇ ನಾನು ತಂದಿದ್ದ ಇನ್ನೂ ನಾಲ್ಕು ಪೆನ್ನುಗಳೂ ಒಗ್ಗಟ್ಟಾಗಿ ಕೈಕೊಡಬಹುದಿತ್ತು. ರಾಣೆಬೆನ್ನೂರಿನ ಪರೀಕ್ಷಾ ಕೇಂದ್ರದ ಗೇಟಿನಲ್ಲಿ "ಪಾಲಕರು ಹೊರಗ ನಿಂದರ್ರಿ" ಎಂದು ನನ್ನ ಹೆಂಡತಿಯನ್ನು ತಡೆದು, ಒಳಗೆ ನನ್ನನ್ನೇ ಕೂರಿಸಬಹುದಿತ್ತು. ಈ ಕೊನೆಯದನ್ನು ನೆನೆದು ನಾನು ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ.

ನನ್ನ ಹೆಂಡತಿ ಸುವರ್ಣಾ ಕರ್ಜಗಿಯಲ್ಲಿ ಅಂಗನವಾಡಿ ಸಹಾಯಕಿ. ಹತ್ತನೆಯ ಇಯತ್ತೆಯ ಇಂಗ್ಲಿಷ್ ಒಂದನ್ನು ಉಳಿಸಿಕೊಂಡೇ ಮದುವೆಯಾಗಿ ಬಂದವಳು. ಅದೊಂದು ಪಾಸಾದರೆ ಟೀಚರ್ ಆಗುವ ದಾರಿ ತೆರೆಯುತ್ತದೆ. ಇಲ್ಲವಾದರೆ ನಿವೃತ್ತಿಯವರೆಗೂ ಉಪ್ಪಿಟ್ಟು ತಿರುವುವುದು. ವಯಸ್ಸಿನ ಮಿತಿ ಬಾಗಿಲಿಗೆ ಬಂದಿತ್ತು, ಇದೇ ಕೊನೆಯ ಅವಕಾಶ. ಕಲಿಸುವ ಹೊಣೆ ನನ್ನ ಮೇಲೆ ಬಿತ್ತು. ನಾನು ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಯೊಂದರಲ್ಲಿ ಗುಮಾಸ್ತ. ಚೀಲದ ಮೇಲೆ ಎ, ಬಿ, ಸಿ ಬರೆಯುತ್ತೇನಾದ್ದರಿಂದ ಇಂಗ್ಲಿಷ್ ಬಲ್ಲವನೆಂಬ ಗುಮಾನಿ ಊರಲ್ಲಿ ಹೇಗೋ ಹಬ್ಬಿದೆ.

ಪತ್ರ, ಪ್ರಬಂಧಗಳೆಲ್ಲ ಬಾಯಿಪಾಠವಾದವು. ಪ್ಯಾಸಿವ್ ವಾಯ್ಸ್ ಮಾತ್ರ ಇಬ್ಬರ ಜೀವವನ್ನೂ ತಿಂದಿತು. ಕೆಲಸ ಮಾಡಿದವನನ್ನು ಮುಂದಿನ ಸೀಟಿನಿಂದ ಎಬ್ಬಿಸಿ, 'ಬೈ' ಎಂಬ ಕಂಬಿ ಕೈಗೆ ಕೊಟ್ಟು, ಹಿಂದೆ ನಿಲ್ಲಿಸಬೇಕಂತೆ. ಯಾಕೆ? ಅವನೇನು ತಪ್ಪು ಮಾಡಿದ್ದ? ನಮ್ಮ ಕನ್ನಡ ಮಾಸ್ತರರೂ ಕರ್ತರಿ, ಕರ್ಮಣಿ ಎಂದು "ಹುಡುಗನಿಂದ ಹಣ್ಣು ತಿನ್ನಲ್ಪಟ್ಟಿತು" ಅಂತ ಬರೆಸಿದ್ದುಂಟು. ಅದಾದ ಮೇಲೆ ನಾನು ಎಷ್ಟೋ ಹಣ್ಣು ತಿಂದಿದ್ದೇನೆ, ಒಂದೂ ನನ್ನಿಂದ ತಿನ್ನಲ್ಪಟ್ಟಿಲ್ಲ.

"ಯಾಕ್ರಿ, ರಾಜು ನೀರು ಕುಡದಾ ಅಂದ್ರ ಅವರಿಗೆ ತಿಳಿಯೂದಿಲ್ಲೇನು?" ಎಂದು ಸುವರ್ಣಾ ಕೇಳಿದಳು.

"ತಿಳೀತೈತಿ. ಆದ್ರೂ ಹೊಳ್ಳಿಸಿ ಬರೀಬೇಕು."

"ರೊಟ್ಟಿ ಹೊಳ್ಳಿಸಿದ್ರ ಬೇಯತೈತಿ. ಇದನ್ನ ಹೊಳ್ಳಿಸಿದ್ರ ಏನ್ ಬರ್ತೈತಿ?"

"ಒಂದು ಮಾರ್ಕ್ ಬರ್ತೈತಿ. ಸುಮ್ನ ಬರಿ!"

ಸಿಟ್ಟಿನಲ್ಲಿ ಹಾಗೆಂದೆನೇ ಹೊರತು ಪ್ರಶ್ನೆ ನನ್ನದೂ ಆಗಿತ್ತು. ಈ ಪ್ರಯೋಗ ಯಾರ ಉಪಯೋಗಕ್ಕೆ? ಬಸ್ ನಿಲ್ದಾಣದ ಹತ್ತಿರದ ಬೋರ್ಡು ಓದಿದಾಗ ಉತ್ತರ ಸಿಕ್ಕಿತು: 'ಚರಂಡಿ ಶೀಘ್ರವೇ ದುರಸ್ತಿ ಮಾಡಲಾಗುವುದು.' ಯಾರಿಂದ? ಮಾಡಬೇಕಾದವನನ್ನು ಎಷ್ಟು ಹಿಂದೆ ನಿಲ್ಲಿಸಿದ್ದಾರೆಂದರೆ ಬಸ್ಸಿನಿಂದಲೇ ಕೆಳಗಿಳಿದು ಹೋಗಿದ್ದಾನೆ.

ಪರೀಕ್ಷೆಯ ದಿನ ಮೂರು ತಾಸು ಗೇಟಿನ ಹೊರಗೆ ನಿಂತೆ. ಬಸ್ಸು ಕೆಡಲಿಲ್ಲ, ಪೆನ್ನು ನಿಲ್ಲಲಿಲ್ಲ, ನನ್ನನ್ನು ಯಾರೂ ಒಳಗೆ ಎಳೆಯಲಿಲ್ಲ. ಸುವರ್ಣಾ ಬಂದವಳೇ "ಚಹಾ ಕುಡಿಯೂಣು ನಡೀರಿ" ಎಂದಳಷ್ಟೆ. ಅವಳು ಬೇರೇನೂ ಹೇಳದಿದ್ದುದರಿಂದ ಫಲಿತಾಂಶದವರೆಗೆ ಚಿಂತಿಸಲು ನನಗೆ ಬೇಕಾದಷ್ಟು ಸಿಕ್ಕಿತು.

ಪಾಸಾದಳು. ಮೊಬೈಲಿನಲ್ಲಿ ನಂಬರನ್ನು ಮೂರು ಸಲ ಒತ್ತಿ ನೋಡಿದೆ, ಮೂರು ಸಲವೂ ಪಾಸು. ಆ ಧೈರ್ಯದ ಮೇಲೆ ಅವಳು ಬಾಯಿಬಿಟ್ಟಳು.

"ಒಂದು ತಪ್ಪಿತ್ರಿ. ಅವತ್ತ ಹೇಳಿದ್ರ ನೀವು ನಿದ್ದಿ ಬಿಡ್ತಿದ್ರಿ."

ಹೊಳ್ಳಿಸಬೇಕಾಗಿದ್ದ ವಾಕ್ಯ: 'ರಮೇಶ್ ಕಿಲ್ಡ್ ದ ಸ್ನೇಕ್.' ನನ್ನ ಹೆಸರೂ ರಮೇಶ. ಮನೆಯಲ್ಲಿ ಯಾರೂ ಕರೆಯದ ಕಾರಣ ನಿಮಗೆ ಹೇಳುವುದನ್ನೂ ಮರೆತಿದ್ದೆ. ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರು ಹೇಳುವುದೆಂದರೆ ಮದುವೆ, ಸೀಮಂತಗಳಲ್ಲಿ, ನಾಲ್ಕು ಜನ ಕಾಡಿದ ಮೇಲೆ, ಪ್ರಾಸದ ಒಡಪು ಕಟ್ಟಿ ಅದರೊಳಗೆ ಸೇರಿಸಿಯೇ.

"ಮತ್ತ ಏನ್ ಬರದಿ?"

"ದ ಸ್ನೇಕ್ ವಾಸ್ ಕಿಲ್ಡ್ ಬೈ ಮೈ ಹಸ್ಬೆಂಡ್."

"ಅಲ್ಲ ಮಾರಾಯ್ತಿ, ಅವ ಯಾವನೋ ರಮೇಶ!"

"ಯಾವನರ ಇರ್ಲಿ. ಹೆಸರು ಅದ ಐತಲ್ರಿ."

ರೇಗಬೇಕೆಂದುಕೊಂಡೆ, ಆಗಲಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ನಾನು ಮಾಡಿದ ಯಾವ ಕೆಲಸಕ್ಕೂ ಶಾಭಾಸ್ ಅಂದವಳಲ್ಲ. ಮಾಡದ ಒಂದು ಪರಾಕ್ರಮವನ್ನು ಸರಕಾರಿ ಕಾಗದದ ಮೇಲೆ ನನಗೆ ಬರೆದುಕೊಟ್ಟು, ಒಂದು ಮಾರ್ಕು ಕಳೆದುಕೊಂಡಿದ್ದಾಳೆ.