ನೊರೆ ಬಂದ ಕಲ್ಲು

ಗಣಿ ಜೋರಾಗಿದ್ದ ಆ ವರ್ಷಗಳಲ್ಲಿ ಸಂಡೂರಿನ ಕಡೆ ಕಲ್ಲನ್ನು ಕೈಯಲ್ಲಿ ಹಿಡಿದು ನೋಡುವುದೇ ಅಪಾಯವಾಗಿತ್ತು. ಒಬ್ಬರು ನೋಡಿದರೆ ಸಾಕು, ಮರುವಾರ ಹತ್ತು ಜನ ಬರುತ್ತಿದ್ದರು, ಆಮೇಲೆ ಜೆಸಿಬಿ. ನಾನೋ ಹೊಸಪೇಟೆಯಲ್ಲಿ ಭೂವಿಜ್ಞಾನ ಓದುತ್ತಿದ್ದ ಹುಡುಗಿ. ಮೊದಲೇ ಕೋತಿ, ಮೇಲೆ ಹೆಂಡ ಬೇರೆ: ಮೇಷ್ಟ್ರು ಕೈಗೊಂದು ಭೂತಗನ್ನಡಿ ಕೊಟ್ಟಿದ್ದರು.

ಯಶವಂತನಗರದ ಆಚೆ ಅಕ್ಕನ ಹೊಲ, ಅದಕ್ಕೆ ಹತ್ತಿಕೊಂಡೇ ಕೆರೆ. ಬೇಸಿಗೆಯಲ್ಲಿ ನೀರು ಸರಿದರೆ ದಂಡೆಯಲ್ಲಿ ಬೂದು ಬಂಡೆಯೊಂದು ಏಳುತ್ತಿತ್ತು, ಮೈತುಂಬ ಗೆರೆ. ಅದು ಹೊಲದ ಅಡಿಗೂ ಹರಡಿತ್ತು. ಹವಳದ ಪಳೆಯುಳಿಕೆಯೇ ಇರಬೇಕೆಂದು ಕುಣಿದುಕೊಂಡು ಹೋದೆ. ಅಕ್ಕ ಬಟ್ಟೆಯ ಬುಟ್ಟಿ ಹೊತ್ತು ಹಿಂದೆಯೇ ಬಂದಳು. ಪಕ್ಕದವರ ಹೊಲ ಆಗಲೇ ಗುಂಡಿಯಾಗಿತ್ತು.

“ನೋಡಿದ್ದು ಸಾಕು, ನಡೀಲೇ. ಕಲ್ಲಿಗೆ ಹೆಸರಿಟ್ರ ಹೊಲ ಲಾರಿ ಹತ್ತತೈತಿ.”

ಹವಳವಾದರೆ ನಕ್ಷತ್ರದಂಥ ಸಣ್ಣ ಗುಳಿಗಳಿರಬೇಕು. ಒಂದೂ ಇರಲಿಲ್ಲ. ಬೋರಲು ಹಾಕಿದ ಬೋಗುಣಿಗಳ ಹಾಗೆ ಉಬ್ಬಿದ ಪದರುಗಳು ಮಾತ್ರ. ಹವಳ ಹುಟ್ಟುವುದಕ್ಕೂ ಎಷ್ಟೋ ಮೊದಲು, ಇಲ್ಲಿ ಕಡಲಿದ್ದಾಗ, ಕಣ್ಣಿಗೆ ಕಾಣದ ಜೀವಿಗಳು ಕಟ್ಟಿದ ಪದರುಗಳವು. ಮೈ ಜುಮ್ಮೆಂದಿತು. ಖಾತ್ರಿಗೆಂದು ಚೂರು ಕೆರೆದು, ಕಾಲೇಜಿನಿಂದ ತಂದಿದ್ದ ಪುಟ್ಟ ಸೀಸೆಯಿಂದ ಆಸಿಡ್ ಹನಿ ಬಿಟ್ಟೆ. ನೊರೆ ಉಕ್ಕಿತು. ಸುಣ್ಣದ ಕಲ್ಲು.

ಅಷ್ಟರಲ್ಲಿ ಬೈಕಿನ ಸದ್ದು. ಗಣಿ ಮಾಲೀಕರಿಗೆ ಜಮೀನು ಹುಡುಕಿಕೊಡುವ ಏಜೆಂಟ. ಇಳಿದವನೇ ಕಿಸೆಯಿಂದ ಒಡೆದ ಟೈಲ್ಸ್ ಚೂರು ತೆಗೆದು, ಅದರ ಒರಟು ಬೆನ್ನಿಗೆ ಬಂಡೆಯ ಚಕ್ಕೆ ಉಜ್ಜಿದ. ಕಬ್ಬಿಣದ ಅದಿರಾದರೆ ಕೆಂಪು ಗೆರೆ ಬೀಳುತ್ತದೆ. ಬಿದ್ದದ್ದು ಬಿಳಿ.

“ಏನೂ ಇಲ್ಲ ಇದ್ರಾಗ” ಎಂದು ಚಕ್ಕೆ ಎಸೆದ. ಅಕ್ಕ ಉಸಿರು ಬಿಟ್ಟಳು. ನಾನು ಮಾತ್ರ ಸೀಸೆಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡೆ. ಉಕ್ಕಿನ ಕುಲುಮೆಗೆ ಅದಿರಿನ ಜೊತೆ ಸುಣ್ಣದ ಕಲ್ಲೂ ಬೇಕೆಂದು ಓದಿದ್ದೆ.

ಅವನ ಕಣ್ಣು ಬಂಡೆಯ ಮೇಲೆ ನಿಂತಿತು. “ಇದ್ಯಾಕ ನೊರಿ ಬಂದೈತ್ರಿ?”

ಅಕ್ಕ ಬುಟ್ಟಿಯಿಂದ ಭಾವನ ದೋತ್ರ ಎಳೆದು, ನೀರಿಗದ್ದಿ, ನೊರೆಯ ಮೇಲೇ ಬಡಿದಳು. “ಅರಿವಿ ಒಗಿಯಾಕ ಹತ್ತೀವಲ್ರಿ. ಸೋಪಿನ ನೊರಿ. ಹೆಣ್ಮಕ್ಕಳಿರೋ ಕಡಿ ನಿಂದ್ರಬ್ಯಾಡ್ರಿ, ಹೋಗ್ರಿ.”

ಆಸಿಡ್ ಅವಳ ಬೆರಳಿಗೆ ಚುರುಗುಟ್ಟಿರಬೇಕು. ನಾನು ಕೂಗಿ ಎಚ್ಚರಿಸುವಂತಿರಲಿಲ್ಲ. ಅವನು ನನ್ನ ಮುಚ್ಚಿದ ಮುಷ್ಟಿಯನ್ನು ನೋಡಿದ, ಬುಟ್ಟಿಯನ್ನು ನೋಡಿದ, ಹೊರಟ.

ಹೋದದ್ದು ಕೆರೆಯ ಏರಿಯವರೆಗೆ ಮಾತ್ರ. ಅಲ್ಲಿ ಬೈಕು ನಿಲ್ಲಿಸಿ ಮೊಬೈಲು ಕಿವಿಗಿಟ್ಟ. ಮಾತು ನಮಗೆ ಕೇಳಿಸಲಿಲ್ಲ.

ಅಕ್ಕ ತಲೆಯೆತ್ತದೆ ಕೇಳಿದಳು: “ಖರೇ ಹೇಳು. ಈ ಕಲ್ಲು ಫ್ಯಾಕ್ಟರಿಗೆ ಬೇಕೇನ?”

“ಬೇಕಕ್ಕ” ಎಂದೆ.

ಅವಳು ಒಗೆಯುವುದನ್ನು ನಿಲ್ಲಿಸಲಿಲ್ಲ. ದೋತ್ರ ಹರಿದು ಎರಡಾಯಿತು. ಏರಿಯ ಮೇಲೆ ಅವನಿನ್ನೂ ಮಾತಾಡುತ್ತಿದ್ದ, ಇನ್ನೊಂದು ಕೈ ಹೊಲದ ಕಡೆ ಚಾಚಿತ್ತು.