ಯಾರೂ ನೋಡದ ಕುರ್ಚಿ

ಕೂರುವ ಮೊದಲು ನಾನು ತಿರುಗಿ ಕುರ್ಚಿಯನ್ನು ಒಮ್ಮೆ ನೋಡುತ್ತೇನೆ. ಇಂದು ಬೆಳಿಗ್ಗೆ ನೌಬಾದದ ಚಹಾ ಅಂಗಡಿಯಲ್ಲೂ ನೋಡಿದೆ. "ಯಾಕ್ರಿ ಮುತ್ಯಾ, ನಮ್ಮ ಕುರ್ಚಿ ಮ್ಯಾಲ ಭರೋಸಾ ಇಲ್ಲೇನ್ರಿ?" ಎಂದು ಅಂಗಡಿಯವನು ನಕ್ಕ. ಭರೋಸಾ ಇದೆಯಪ್ಪ. ನಾವು ನೋಡದೆ ಇದ್ದಾಗ ಅದು ಏನಾಗುತ್ತದೋ ಎಂಬುದೇ ಚಿಂತೆ.

ಈ ಚಿಂತೆ ಅಂಟಿಸಿದವಳು ನನ್ನ ಮೊಮ್ಮಗಳು ರೇಣುಕಾ. ಬೀದರಿನ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಕಲಿಸುತ್ತಾಳೆ. ನೀವು ಕೇಳದಿದ್ದರೂ ಹೇಳುತ್ತೇನೆ, ಇಂದಿನಿಂದ ಅವಳು ಪ್ರೊಫೆಸರ್! ಅಂಗಡಿಯವನೂ ಕೇಳಿರಲಿಲ್ಲ, ಅವನಿಗೂ ಹೇಳಿದೆ. ಔರಾದ ಬಸ್ಸಿಗೆ ಕಾಯುತ್ತಿದ್ದವರಿಗೂ ಹೇಳಿದೆ. ಕೇಳುತ್ತಾ ನಿಂತು ಅವರ ಬಸ್ಸು ತಪ್ಪಿತು. ಇರಲಿ, ಬಸ್ಸು ಮತ್ತೆ ಬರುತ್ತದೆ.

ನಾವು ಚಿಂತಾಕಿಯ ಕುರಿ ಸಾಕುವ ಮಂದಿ. ನಾನು ಸಾಲೆಗೆ ಹೋದದ್ದು ಮಾಸ್ತರರಿಗೆ ನನ್ನ ಮೇಲೆ ಬೇಸರ ಬರುವತನಕ ಮಾತ್ರ. ಅದು ಬೇಗ ಬಂತು. ರೇಣುಕಾ ಸಂಶೋಧನೆ ಮಾಡುತ್ತಿದ್ದ ಕಾಲಕ್ಕೆ ರಜೆಗೆ ಬಂದಳೆಂದರೆ ಹಟ್ಟಿಯ ಮುಂದೆ ಪುಸ್ತಕ ತೆರೆದು ಕೂರುವಳು. ನಾನು ಕುರಿ ಮೇಯಿಸಿಕೊಂಡು ಸಂಜೆಗೆ ಬಂದರೂ ಅದೇ ಪುಟ.

"ಯಾಕವ್ವ, ಪುಟಕ್ಕ ಪುಟ ಅಂಟ್ಯಾವೇನು?"

"ಇಲ್ಲ ಮುತ್ಯಾ, ಒಂದು ಸಾಲು ತಿಳಿವಲ್ದು."

ನನಗಂತೂ ಇಡೀ ಪುಸ್ತಕವೇ ತಿಳಿಯುವುದಿಲ್ಲ. ಅಷ್ಟರ ಮಟ್ಟಿಗೆ ನಾನು ಅವಳಿಗಿಂತ ಮುಂದೆ ಎನ್ನಬೇಕು.

ಆಮೇಲೆ ಕಲಿಸಲು ಸೇರಿದಳು. ಮೊದಲ ವರ್ಷವೇ ಪೇಚಾಟ. ತತ್ವಶಾಸ್ತ್ರಕ್ಕೆ ವಿದ್ಯಾರ್ಥಿಗಳು ಬರುತ್ತಿರಲಿಲ್ಲ. ಮುಂದಿನ ವರ್ಷಕ್ಕೂ ಬರದಿದ್ದರೆ ಆ ವಿಷಯವನ್ನೇ ಮುಚ್ಚುವುದು, ಜೊತೆಗೆ ಇವಳ ನೌಕರಿಯೂ ಹೋಗುವುದು ಎಂದಾಯಿತು. ಕಾಲೇಜು ಮಕ್ಕಳು ಬಂದು ಕೇಳಲಿ, ಹಿಡಿಸಿದರೆ ಹೆಸರು ಹಚ್ಚಲಿ ಎಂದು ಅವಳು ಒಂದು ದಿನ ಎಲ್ಲರಿಗೂ ತೆರೆದ ಪಾಠ ಇಟ್ಟಳು. "ಯಾರೂ ಬರಲಿಕ್ಕಿಲ್ಲ ಮುತ್ಯಾ" ಎಂದು ಫೋನಿನಲ್ಲಿ ಹೇಳುವಾಗ ಅವಳ ದನಿ ಸಣ್ಣಗಾಗಿತ್ತು.

ಯಾರೂ ಬರದಿದ್ದರೆ ಏನು ಮಾಡಬೇಕೆಂದು ನನಗೆ ಗೊತ್ತಿಲ್ಲವೇ? ಭಾಲ್ಕಿಯ ಕುರಿ ಬಜಾರಿನಲ್ಲಿ ನಿಂತವನು ನಾನು. ನಿಮ್ಮ ಕುರಿ ಎಷ್ಟೇ ಚೆಂದ ಇರಲಿ, ಸುತ್ತ ಮಂದಿ ಇಲ್ಲದಿದ್ದರೆ ಗಿರಾಕಿ ಅತ್ತ ಹಾಯುವುದಿಲ್ಲ. ಅದಕ್ಕೆ ನಾವು ಬೀಗರನ್ನು ಕರೆದೊಯ್ಯುತ್ತೇವೆ. ಅವರು ಗುರುತಿಲ್ಲದವರಂತೆ ಬಂದು ಕುರಿಯ ಬೆನ್ನು ಒತ್ತುತ್ತಾರೆ, ಹಲ್ಲು ನೋಡುತ್ತಾರೆ, ಜಗಳ ತೆಗೆಯುತ್ತಾರೆ. ಆ ಗದ್ದಲಕ್ಕೆ ನಿಜವಾದ ಗಿರಾಕಿ ಬರುತ್ತಾನೆ. ಕುರಿಗೆ ನಡೆಯುವುದು ತತ್ವಶಾಸ್ತ್ರಕ್ಕೆ ಯಾಕೆ ನಡೆಯಬಾರದು?

ಭಾತಂಬ್ರಾದ ನಮ್ಮಕ್ಕ ಕಾಶಮ್ಮ, ನನ್ನ ಹೆಂಡತಿಯ ತಮ್ಮ ಶರಣಪ್ಪ, ಇನ್ನೊಂದಿಷ್ಟು ಬೀಗರು, ಎಲ್ಲರನ್ನೂ ಟಂಟಂ ಗಾಡಿಯಲ್ಲಿ ತುಂಬಿಕೊಂಡು ಬೀದರಿಗೆ ಹೊರಟೆ. "ಬರೇ ತಲಿ ಅಲ್ಲಾಡಸಬ್ಯಾಡ್ರಿ, ಕೊಂಕು ತೆಗೀರಿ. ಆವಾಗೇ ಖರೇ ಗಿರಾಕಿ ಅನಸ್ತದ" ಎಂದು ದಾರಿಯುದ್ದಕ್ಕೂ ತಯಾರಿ ಮಾಡಿಸಿದೆ.

ಕೋಣೆ ಬಣಬಣ ಎನ್ನುತ್ತಿತ್ತು. ನಮ್ಮವರು ಮುಂದಿನ ಬೆಂಚು ಹಿಡಿದರು. ರೇಣುಕಾ ನನ್ನನ್ನು ಕಂಡು ಸುಣ್ಣದ ಕಡ್ಡಿ ಕೆಡವಿದಳು. ನಾನು ಗುರುತೇ ಇಲ್ಲದವನಂತೆ ಛಾವಣಿ ನೋಡಿದೆ. ಅವಳು ಸಾವರಿಸಿಕೊಂಡು ಕೇಳಿದಳು: "ಯಾರೂ ನೋಡದಿದ್ದಾಗ ಈ ಕುರ್ಚಿ ಇರುತ್ತದೆಯೇ?"

"ಇರಂಗಿಲ್ರಿ!" ಎಂದು ಶರಣಪ್ಪ ಎದ್ದೇ ನಿಂತ. "ಬಜಾರದಾಗ ಸುಮ್ಮ ಅತ್ಲಾಗ ಮಾರಿ ಹೊಳ್ಳಿಸಿದ್ದೆ, ನನ್ನ ಚಪ್ಪಲಿ ಇರಲಿಲ್ಲ!"

"ಕಳ್ಳ ನೋಡ್ಲಕತ್ತಿದ್ದನಲ್ಲೋ, ಖೋಡಿ! ಯಾರೂ ನೋಡಲಾರದಾಗ ಅಂತ ಕೇಳ್ಲಕತ್ತಾಳ ಆಕಿ" ಎಂದಳು ಕಾಶಮ್ಮ.

"ಹಂಗಾರ ಎಲ್ಲಾರೂ ಹೊರಗ ನಡೀರಿ, ನೋಡೇ ಬಿಡೋಣು."

"ನೋಡಿದ್ರ ನೋಡಿದಂಗೇ ಆಯ್ತಲ್ಲ!"

ಕೊನೆಗೆ ಎಲ್ಲರೂ ಹೊರಬಂದು ಬಾಗಿಲು ಮುಚ್ಚಿದೆವು. ಕಾಶಮ್ಮ ಕಣ್ಣಿಗೆ ಸೆರಗು ಮುಚ್ಚಿಕೊಂಡಳು. ಶರಣಪ್ಪ ಕಿಟಕಿಗೆ ತನ್ನ ರುಮಾಲು ಹಿಡಿದ. ಗದ್ದಲ ಕೇಳಿ ಬೇರೆ ಬೇರೆ ಕೋಣೆಗಳಿಂದ ಹುಡುಗ ಹುಡುಗಿಯರು ಬಂದು ಮುತ್ತಿದರು. ಅರ್ಧ ಮಂದಿ ಅಕ್ಕನ ಕಡೆ, ಅರ್ಧ ಶರಣಪ್ಪನ ಕಡೆ. ಬಾಗಿಲು ತೆರೆದರೆ ಕುರ್ಚಿ ಇಲ್ಲ!

ಶರಣಪ್ಪ ರುಮಾಲು ಮೇಲಕ್ಕೆ ತೂರಿದ. ಅಷ್ಟರಲ್ಲಿ ಜವಾನ ಬಂದು, ಪಕ್ಕದ ಕೋಣೆಗೆ ಬೇಕಾಗಿತ್ತೆಂದು ಹಿಂಬಾಗಿಲಿನಿಂದ ಒಯ್ದೆ ಎಂದ.

"ಒಯ್ಯೋವಾಗ ನೀ ನೋಡಿದೇನೋ?" ಎಂದಳು ಅಕ್ಕ.

"ನೋಡಲಾರದೆ ಹ್ಯಾಂಗ ಒಯ್ಬೇಕ್ರಿ ಆಯಿ?"

"ಕೇಳಿದ್ರಿಲ್ಲ! ಅಂವ ನೋಡ್ಯಾನ. ಪರೀಕ್ಷಾ ರದ್ದು!"

ಈಗ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ರೇಣುಕಾಳ ಮುಖದಲ್ಲಿದ್ದ ಅಂಜಿಕೆ ಎಲ್ಲಿ ಹೋಯಿತೋ. "ಕುರ್ಚಿ ಇಲ್ಲಿ ಇಲ್ಲ. ಆದರೂ ನೀವೆಲ್ಲ ಅದಕ್ಕಾಗಿ ಜಗಳ ಆಡುತ್ತಿದ್ದೀರಿ. ಹಾಗಾದರೆ ನೀವು ಜಗಳ ಆಡುತ್ತಿರುವ ಕುರ್ಚಿ ಎಲ್ಲಿದೆ?" ಎಂದಳು. ಜಗಳ ಬಿಟ್ಟು ಎಲ್ಲರೂ ಅವಳತ್ತ ತಿರುಗಿದರು. ಶರಣಪ್ಪ ಕೂಡ ರುಮಾಲು ಸುತ್ತಿಕೊಂಡು ಬೆಂಚಿಗೆ ಕೂತ. ನಾನು ಮಾಲು ನೋಡಲು ಮಂದಿ ಕರೆತಂದಿದ್ದೆ ಅಷ್ಟೆ; ಮಾಲು ಅವಳದೇ.

ವಿಭಾಗದ ಮುಖ್ಯಸ್ಥರು ಬಂದು "ಯಾರಿವರು?" ಎಂದರು. "ನಮ್ಮ ಮುತ್ಯಾ ರಿ" ಎಂದಳು ಅವಳು. ಅದೇ ಹೊತ್ತಿಗೆ ನಾನು "ಈ ಮೇಡಂ ನನಗ ಗುರ್ತೇ ಇಲ್ರಿ" ಎಂದೆ. ಮುಖ್ಯಸ್ಥರು ಇಬ್ಬರ ಮೂಗೂ ನೋಡಿ ನಕ್ಕರು. ಆ ವರ್ಷ ತತ್ವಶಾಸ್ತ್ರಕ್ಕೆ ಹೆಸರು ಹಚ್ಚಿದವರು ಬೆಂಚು ಸಾಲದಷ್ಟು.

ಇಂದು ನೌಬಾದದಲ್ಲಿ ಚಹಾ ಕುಡಿದು ನೇರ ಅವಳ ಕೋಣೆಗೆ ಹೋದೆ. ಪ್ರೊಫೆಸರರಿಗೆ ಗಿರಗಿರ ತಿರುಗುವ ಹೊಸ ಕುರ್ಚಿ. ನನ್ನನ್ನು ಅದರಲ್ಲಿ ಕೂರಿಸಿ, ಹೊರಗೆ ಹೋಗಿ ಬಾಗಿಲು ಎಳೆದುಕೊಂಡಳು.

"ಮುತ್ಯಾ, ಈಗ ಯಾರೂ ನೋಡ್ಲಕತ್ತಿಲ್ಲ. ಕುರ್ಚಿ ಅದಾ?"

ಯಾರೂ ನೋಡುತ್ತಿರಲಿಲ್ಲವಲ್ಲ, ಕಾಲೆತ್ತಿ ಒಂದು ಸುತ್ತು ತಿರುಗಿದೆ. ಸಾಲದೆ ಇನ್ನೊಂದು ಸುತ್ತು ತಿರುಗಿದೆ.

"ಕುರ್ಚಿ ಅದವ್ವ!" ಎಂದು ಕೂಗಿದೆ. "ನಿಮ್ಮ ಮುತ್ಯಾನೇ ನೆಲದ ಮ್ಯಾಲ ಇಲ್ಲ!"